ಎಸ್‌ಕ್ಯೂಎಲ್‌ಆಲ್ಕೆಮಿ 2.0ರ ‘ಫಂಕ್’: ನಮ್ಮದೇ ಡೇಟಾಬೇಸ್ ಫಂಕ್ಷನ್‌ಗಳನ್ನು ಕರೆಯಲು ಎಷ್ಟು ಒಗ್ಗುತ್ತದೆ?

ಡೇಟಾಬೇಸಿನ ಒಳಗೆ ಫಂಕ್ಷನ್ ಬರೆದಿಟ್ಟು ಪೈಥಾನಿನಿಂದ ಅದನ್ನು ಕರೆಯಬೇಕಾದವರಿಗೆ ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಪೈಥಾನ್ ಡೇಟಾಬೇಸ್ ಲೈಬ್ರರಿಯ ‘ಫಂಕ್’ (func) ಇವತ್ತಿಗೂ ಒಳ್ಳೆಯ ಆಯ್ಕೆ. ಒಂದೇ ಮೌಲ್ಯ ಕೊಡುವ ಫಂಕ್ಷನ್ ಆದರೆ ಕೆಲಸ ಬಹಳ ಸಲೀಸು. ಸಾಲುಗಟ್ಟಲೆ ಮಾಹಿತಿ ಕೊಡುವ ಫಂಕ್ಷನ್‌ಗಳಿಗೂ 2021ರ 1.4 ಆವೃತ್ತಿಯಿಂದ ಸರಿಯಾದ ದಾರಿ ಸಿಕ್ಕಿದೆ. ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸಿನಲ್ಲೇ ಬರೆದಿಟ್ಟು, ಸೆಲೆಕ್ಟ್ ಬದಲು ಬೇರೆ ಆಜ್ಞೆಯಿಂದ ಓಡಿಸುವ ಕೋಡ್) ಮಾತ್ರ ಅದರ ವ್ಯಾಪ್ತಿಗೆ ಬರುವುದಿಲ್ಲ. ಇಲ್ಲಿ ಹೇಳುತ್ತಿರುವುದು 2023ರ ಜನವರಿಯಲ್ಲಿ ಬಂದ 2.0 ಸರಣಿಯ ಬಗ್ಗೆ. ಉದಾಹರಣೆಗಳು ಹೆಚ್ಚಾಗಿ ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಲೈಟ್ ಮೇಲೆ.

ಬಳಸುವ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಫಂಕ್ ಏನನ್ನೂ ಪರೀಕ್ಷಿಸುವುದಿಲ್ಲ. ನೀವು ಬರೆದ ಹೆಸರು, ಕೊಟ್ಟ ಆರ್ಗ್ಯುಮೆಂಟುಗಳು, ಹೇಳಿದ ರಿಟರ್ನ್ ಟೈಪ್, ಮೂರನ್ನೂ ನಂಬಿ ಡೇಟಾಬೇಸಿಗೆ ದಾಟಿಸುತ್ತದೆ. ಹೇಳದೆ ಬಿಟ್ಟದ್ದನ್ನು ತಾನೇ ಊಹಿಸಿಕೊಳ್ಳುತ್ತದೆ, ಇಲ್ಲವೇ ಖಾಲಿ ಬಿಡುತ್ತದೆ. ಮುಂದೆ ಬರುವ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಂದಲೇ.

ಬಳಸುವ ಕ್ರಮ ಸರಳ. ಫಂಕ್ ಅನ್ನು ಇಂಪೋರ್ಟ್ ಮಾಡಿ, ಚುಕ್ಕೆ ಹಾಕಿ, ಡೇಟಾಬೇಸಿನಲ್ಲಿರುವ ಫಂಕ್ಷನ್ ಹೆಸರು ಬರೆದು, ಆವರಣದಲ್ಲಿ ಆರ್ಗ್ಯುಮೆಂಟ್ ಕೊಟ್ಟರೆ ಮುಗಿಯಿತು. ಚುಕ್ಕೆಯ ನಂತರ ಯಾವ ಹೆಸರು ಬರೆದರೂ ಅದು ಒಪ್ಪಿಕೊಳ್ಳುತ್ತದೆ. ಮೊದಲೇ ನೋಂದಾಯಿಸುವ, ಘೋಷಿಸುವ ಗೋಜಿಲ್ಲ. ಕೊಟ್ಟ ಮೌಲ್ಯಗಳು ಬೈಂಡ್ ಪ್ಯಾರಾಮೀಟರ್ ಆಗಿ, ಅಂದರೆ ಡ್ರೈವರ್ (ಡೇಟಾಬೇಸಿನೊಡನೆ ಮಾತಾಡುವ ಲೈಬ್ರರಿ) ಸುರಕ್ಷಿತವಾಗಿ ತುಂಬುವ ಮೌಲ್ಯಗಳಾಗಿ ಹೋಗುವುದರಿಂದ ಎಸ್‌ಕ್ಯೂಎಲ್ ಇಂಜೆಕ್ಷನ್ ಭಯವೂ ಇಲ್ಲ. ಹೆಸರು ಪೈಥಾನಿನ ಕಾಯ್ದಿಟ್ಟ ಪದವಾಗಿದ್ದರೆ ಕೊನೆಗೊಂದು ಅಂಡರ್‌ಸ್ಕೋರ್ ಸೇರಿಸಿ, ಎಸ್‌ಕ್ಯೂಎಲ್‌ಗೆ ಹೋಗುವಾಗ ಅದು ಉದುರಿಹೋಗುತ್ತದೆ. ನಿಮ್ಮ ಫಂಕ್ಷನ್ ಹೆಸರೇ ಅಂಡರ್‌ಸ್ಕೋರಿನಿಂದ ಮುಗಿಯುವುದಾದರೆ ಎರಡು ಹಾಕಬೇಕು.

ಈ ಸಲೀಸಿಗೆ ತೆರಬೇಕಾದ ಬೆಲೆ ಏನೆಂದರೆ, ಕಾಗುಣಿತ ತಪ್ಪಿದರೆ ಪೈಥಾನ್ ತುಟಿ ಬಿಚ್ಚುವುದಿಲ್ಲ. ಎಡಿಟರ್ ಕೆಂಪು ಗೆರೆ ಎಳೆಯುವುದಿಲ್ಲ, ಟೈಪ್ ಚೆಕರ್ ಸುಮ್ಮನಿರುತ್ತದೆ. ಓಡಿಸಿದಾಗ ಪೋಸ್ಟ್‌ಗ್ರೆಸ್ ‘ಫಂಕ್ಷನ್ ಡಸ್ ನಾಟ್ ಎಕ್ಸಿಸ್ಟ್’ ಎನ್ನುತ್ತದೆ, ಎಸ್‌ಕ್ಯೂಎಲ್‌ಆಲ್ಕೆಮಿ ಅದನ್ನು ಪ್ರೋಗ್ರಾಮಿಂಗ್‌ಎರರ್ ಆಗಿ ಎತ್ತಿಕೊಡುತ್ತದೆ. ಪೋಸ್ಟ್‌ಗ್ರೆಸ್ ಆದರೆ ಅಲ್ಲಿಗೆ ಆ ಟ್ರಾನ್ಸಾಕ್ಷನ್ ಕೂಡ ಕೆಟ್ಟಂತೆ. ಎಕ್ಸೆಪ್ಷನ್ ಹಿಡಿದು, ರೋಲ್‌ಬ್ಯಾಕ್ ಮಾಡದೆ ಮುಂದಿನ ಕ್ವೆರಿ ಓಡಿಸಿದರೆ ‘ಕರೆಂಟ್ ಟ್ರಾನ್ಸಾಕ್ಷನ್ ಈಸ್ ಅಬಾರ್ಟೆಡ್’ ಎಂಬ ಬೇರೆಯೇ ದೂರು ಬರುತ್ತದೆ. ಲಾಗ್‌ನಲ್ಲಿ ಈ ಸಾಲು ಕಂಡರೆ ಅದಕ್ಕಿಂತ ಮೇಲಿನ ಮೊದಲ ತಪ್ಪನ್ನು ಹುಡುಕಬೇಕು.

ರಿಟರ್ನ್ ಟೈಪ್ ಹೇಳಲೇಬೇಕು

ಕೌಂಟ್, ಮ್ಯಾಕ್ಸ್, ಕೋಲೆಸ್‌ನಂಥ ಪರಿಚಿತ ಫಂಕ್ಷನ್‌ಗಳು ಏನು ಹಿಂತಿರುಗಿಸುತ್ತವೆ ಎಂಬುದು ಎಸ್‌ಕ್ಯೂಎಲ್‌ಆಲ್ಕೆಮಿಗೆ ಗೊತ್ತು. ನೀವು ಬರೆದ ಫಂಕ್ಷನ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ, ಹಾಗಾಗಿ ‘ನಲ್‌ಟೈಪ್’ ಎಂದು ಗುರುತು ಹಾಕಿಕೊಳ್ಳುತ್ತದೆ. ಅನೇಕ ಸಲ ಇದರಿಂದ ತೊಂದರೆ ಕಾಣುವುದಿಲ್ಲ, ಏಕೆಂದರೆ ಡ್ರೈವರೇ ಸಂಖ್ಯೆಯನ್ನು ಸಂಖ್ಯೆಯಾಗಿ, ಅಕ್ಷರವನ್ನು ಅಕ್ಷರವಾಗಿ ತಂದುಕೊಡುತ್ತದೆ. ಕಾಣುವುದು ಮೂರು ಕಡೆ.

ಒಂದು, ಎಸ್‌ಕ್ಯೂಲೈಟ್‌ನಲ್ಲಿ ದಿನಾಂಕ. ಅಲ್ಲಿ ದಿನಾಂಕಕ್ಕೆ ಪ್ರತ್ಯೇಕ ಟೈಪ್ ಇಲ್ಲ, ‘2024-01-15’ ಎಂಬ ಅಕ್ಷರಸಾಲೇ ವಾಪಸ್ ಬರುತ್ತದೆ. ಕರೆಯಲ್ಲಿ ಟೈಪ್_ ಎಂಬ ಆರ್ಗ್ಯುಮೆಂಟಿಗೆ ಡೇಟ್ ಎಂದು ಕೊಟ್ಟರೆ ಪೈಥಾನಿನ ಡೇಟ್ ಆಬ್ಜೆಕ್ಟ್ ಸಿಗುತ್ತದೆ. ಎರಡು, ಜೆಸಾನ್. ಫಂಕ್ಷನ್ ಕೊಟ್ಟ ಜೆಸಾನ್‌ನಿಂದ ಒಂದು ಕೀಲಿಯನ್ನು ಕ್ವೆರಿಯಲ್ಲೇ ತೆಗೆಯಲು ಚೌಕಾವರಣ ಹಾಕಿದರೆ, ನಲ್‌ಟೈಪ್‌ಗೆ ಆ ಆಪರೇಟರ್ ಇಲ್ಲವೆಂದು ಪೈಥಾನಿನಲ್ಲೇ ನಾಟ್‌ಇಂಪ್ಲಿಮೆಂಟೆಡ್‌ಎರರ್ ಬರುತ್ತದೆ. ಟೈಪ್_ನಲ್ಲಿ ಜೆಸಾನ್‌ಬಿ ಎಂದು ಹೇಳಿದರೆ ಸಲೀಸಾಗಿ ನಡೆಯುತ್ತದೆ. ಮೂರು, ಪ್ಲಸ್ ಗುರುತು. ಅಕ್ಷರಸಾಲು ಕೊಡುವ ಎರಡು ಫಂಕ್ಷನ್‌ಗಳನ್ನು ಪೈಥಾನಿನಲ್ಲಿ ಪ್ಲಸ್ ಹಾಕಿ ಕೂಡಿಸಿದರೆ, ಎರಡರ ಟೈಪೂ ಗೊತ್ತಿಲ್ಲದ ಕಾರಣ ಎಸ್‌ಕ್ಯೂಎಲ್‌ನಲ್ಲೂ ಪ್ಲಸ್ಸೇ ಉಳಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಟೆಕ್ಸ್ಟ್‌ಗೆ ಟೆಕ್ಸ್ಟ್ ಪ್ಲಸ್ ಎಂಬುದಿಲ್ಲ. ಟೈಪ್ ಸ್ಟ್ರಿಂಗ್ ಎಂದಿದ್ದರೆ ಅದೇ ಪ್ಲಸ್ ‘||’ ಆಗಿ ಬದಲಾಗುತ್ತದೆ.

ಹಣದ ಲೆಕ್ಕಕ್ಕೆ ನ್ಯೂಮೆರಿಕ್, ಎಣಿಕೆಗೆ ಇಂಟಿಜರ್, ಹೀಗೆ ಪ್ರತಿ ಕರೆಯಲ್ಲೂ ಟೈಪ್_ ಕೊಡುವ ರೂಢಿ ಇಟ್ಟುಕೊಳ್ಳುವುದು ಲೇಸು. ಇದು ಎಸ್‌ಕ್ಯೂಎಲ್‌ನಲ್ಲಿ ಒಂದಕ್ಷರವನ್ನೂ ಹೆಚ್ಚಿಸುವುದಿಲ್ಲ. ಟೈಪ್ ಬದಲಿಸುವ ಕಾಸ್ಟ್ (cast) ಹಾಗಲ್ಲ, ಅದು ಡೇಟಾಬೇಸಿನಲ್ಲೇ ಮೌಲ್ಯವನ್ನು ಬದಲಿಸುತ್ತದೆ.

ಆರ್ಗ್ಯುಮೆಂಟ್ ಟೈಪ್: ಹೆಚ್ಚು ಮಂದಿ ಸಿಕ್ಕಿಬೀಳುವ ಜಾಗ

ಒಂದು ಸಣ್ಣ ಉದಾಹರಣೆ ನೋಡೋಣ. ಪೋಸ್ಟ್‌ಗ್ರೆಸ್‌ನಲ್ಲಿ ‘ತೆರಿಗೆ_ಮೊತ್ತ’ ಎಂಬ ಫಂಕ್ಷನ್ ಇದೆ. ಮೊದಲ ಪ್ಯಾರಾಮೀಟರ್ ಮೂಲಬೆಲೆ, ಅದು ನ್ಯೂಮೆರಿಕ್. ಎರಡನೆಯದು ಜಿಎಸ್‌ಟಿ ದರ, ಅದು ಸ್ಮಾಲ್‌ಇಂಟ್. 1250.50 ರೂಪಾಯಿಗೆ ಶೇ. 18 ಎಂದರೆ 225.09 ಬರಬೇಕು. ಪೈಥಾನಿನಲ್ಲಿ ಫಂಕ್.ತೆರಿಗೆ_ಮೊತ್ತ(1250.50, 18) ಎಂದು ಬರೆದರೆ ಉತ್ತರ ಬರುವುದಿಲ್ಲ. ಅಂಥ ಫಂಕ್ಷನ್ನೇ ಇಲ್ಲ ಎಂಬ ತಪ್ಪು ಬರುತ್ತದೆ. ಹೆಸರು ಸರಿ, ಸ್ಕೀಮಾ (ಡೇಟಾಬೇಸಿನೊಳಗೆ ಫಂಕ್ಷನ್, ಟೇಬಲ್‌ಗಳಿರುವ ಗುಂಪು) ಸರಿ, ಅನುಮತಿಯೂ ಸರಿ. ಆದರೂ ಇಲ್ಲ.

ಕಾರಣ ತಪ್ಪಿನ ಸಂದೇಶದ ಆವರಣದೊಳಗೇ ಇದೆ. ಸೈಕಾಪ್‌ಜಿ2 ಡ್ರೈವರ್ ಆದರೆ ‘ತೆರಿಗೆ_ಮೊತ್ತ(ನ್ಯೂಮೆರಿಕ್, ಇಂಟಿಜರ್)’ ಇಲ್ಲ ಎನ್ನುತ್ತದೆ. 18 ಎಂಬ ಅಂಕಿಯನ್ನು ಪೋಸ್ಟ್‌ಗ್ರೆಸ್ ಇಂಟಿಜರ್ ಎಂದೇ ಓದುತ್ತದೆ. ಫಂಕ್ಷನ್ ಹುಡುಕುವಾಗ ದೊಡ್ಡ ಇಂಟಿಜರನ್ನು ಸ್ಮಾಲ್‌ಇಂಟ್‌ಗೆ ತಾನಾಗಿ ಕಿರಿದು ಮಾಡುವುದಿಲ್ಲ. ಕಾಲಮ್‌ಗೆ ಇನ್‌ಸರ್ಟ್ ಮಾಡುವಾಗ ಮಾತ್ರ ಆ ರಿಯಾಯಿತಿ ಇದೆ. ಅದೇ ಕೋಡನ್ನು ಸೈಕಾಪ್‌ಜಿ 3 ಅಥವಾ ಅಸಿಂಕ್‌ಪಿಜಿ ಮೇಲೆ ಓಡಿಸಿದರೆ ಆವರಣದೊಳಗೆ ‘ಡಬಲ್ ಪ್ರಿಸಿಷನ್, ಇಂಟಿಜರ್’ ಎಂದಿರುತ್ತದೆ. ಈಗ ತಪ್ಪು ಎರಡಾಯಿತು. ಹಳೆಯ ಡ್ರೈವರ್ ಮೌಲ್ಯವನ್ನು ಎಸ್‌ಕ್ಯೂಎಲ್ ಪಠ್ಯದೊಳಗೇ ಅಂಟಿಸುತ್ತಿತ್ತು, 1250.5 ಎಂಬ ಬರಿ ಅಂಕಿಯನ್ನು ಪೋಸ್ಟ್‌ಗ್ರೆಸ್ ನ್ಯೂಮೆರಿಕ್ ಎಂದು ಓದಿಕೊಳ್ಳುತ್ತಿತ್ತು. ಹೊಸ ಡ್ರೈವರ್‌ಗಳು ಮೌಲ್ಯವನ್ನು ಟೈಪ್ ಸಮೇತ ಬೇರೆಯಾಗಿ ಕಳುಹಿಸುತ್ತವೆ. ಪೈಥಾನಿನ ಫ್ಲೋಟ್ ಅಲ್ಲಿ ಡಬಲ್ ಪ್ರಿಸಿಷನ್ ಆಗುತ್ತದೆ, ಡಬಲ್‌ನಿಂದ ನ್ಯೂಮೆರಿಕ್‌ಗೂ ತಾನಾಗಿ ಪರಿವರ್ತನೆ ಇಲ್ಲ.

ಪರಿಹಾರ: ಹಣವನ್ನು ಡೆಸಿಮಲ್ ಆಗಿಯೇ ಕೊಡಿ, ಅದೂ ಉದ್ಧರಣ ಚಿಹ್ನೆಯೊಳಗಿನ ಅಕ್ಷರಸಾಲಿನಿಂದ ಕಟ್ಟಿದ ಡೆಸಿಮಲ್. ಹಣಕ್ಕೆ ಫ್ಲೋಟ್ ಬಳಸಬಾರದೆಂಬುದು ಹೇಗೂ ಹಳೆಯ ನಿಯಮ, ಇಲ್ಲಿ ಡೇಟಾಬೇಸೇ ಅದನ್ನು ಕಡ್ಡಾಯ ಮಾಡುತ್ತದೆ. ದರಕ್ಕೆ ಕಾಸ್ಟ್(18, ಸ್ಮಾಲ್‌ಇಂಟಿಜರ್) ಎಂದು ಬರೆಯಿರಿ. ಲಿಟರಲ್(18, ಸ್ಮಾಲ್‌ಇಂಟಿಜರ್) ಎಂದರೆ ಹೊಸ ಡ್ರೈವರ್‌ಗಳಲ್ಲಿ ಸಾಕಾಗುತ್ತದೆ, ಸೈಕಾಪ್‌ಜಿ2ರಲ್ಲಿ ಸಾಕಾಗುವುದಿಲ್ಲ. ಕಾಸ್ಟ್ ಎಲ್ಲ ಕಡೆ ನಡೆಯುತ್ತದೆ. ಫಂಕ್ಷನ್ ನಿಮ್ಮ ಕೈಯಲ್ಲೇ ಇದ್ದರೆ ಇದೆಲ್ಲಕ್ಕಿಂತ ಒಳ್ಳೆಯದು ಪ್ಯಾರಾಮೀಟರನ್ನೇ ಇಂಟಿಜರ್ ಮಾಡಿಬಿಡುವುದು. ಫಂಕ್ಷನ್ ಪ್ಯಾರಾಮೀಟರಿಗೆ ಸ್ಮಾಲ್‌ಇಂಟ್ ಇಡುವುದರಿಂದ ಯಾವ ಲಾಭವೂ ಇಲ್ಲ.

ಸೈಕಾಪ್‌ಜಿ2ರಿಂದ ಹೊಸ ಡ್ರೈವರಿಗೆ ಬದಲಾಗುವವರು ಈನಮ್ (ನಿಗದಿತ ಮೌಲ್ಯಗಳಷ್ಟೇ ಇರುವ ಟೈಪ್) ಮತ್ತು ಜೆಸಾನ್‌ಬಿ ಪ್ಯಾರಾಮೀಟರ್‌ಗಳನ್ನೂ ಒಮ್ಮೆ ನೋಡಿಕೊಳ್ಳಬೇಕು. ಎಸ್‌ಕ್ಯೂಎಲ್‌ಆಲ್ಕೆಮಿ 2.0 ಆ ಡ್ರೈವರ್‌ಗಳಲ್ಲಿ ಅಕ್ಷರಸಾಲಿನ ಪಕ್ಕ ವಾರ್‌ಚಾರ್ ಎಂಬ ಕಾಸ್ಟ್ ಬರೆಯುತ್ತದೆ. ಮೊದಲು ಟೈಪ್ ಹೇಳದ ಪಠ್ಯವೆಂದು ಈನಮ್‌ಗೆ ಹೊಂದಿಕೊಳ್ಳುತ್ತಿದ್ದ ಅದೇ ಮೌಲ್ಯ ಈಗ ‘ಕ್ಯಾರಕ್ಟರ್ ವೇರಿಯಿಂಗ್’ ಆಗಿ ಹೋಗಿ ತಿರಸ್ಕೃತವಾಗುತ್ತದೆ. ಪೈಥಾನಿನ ನನ್ (None) ಕೊಟ್ಟರೆ ಎಸ್‌ಕ್ಯೂಎಲ್‌ನಲ್ಲಿ ಬರಿ ನಲ್ ಎಂದು ಮೂಡುತ್ತದೆ. ಒಂದೇ ಹೆಸರಿನ ಎರಡು ಫಂಕ್ಷನ್‌ಗಳಿದ್ದರೆ ಯಾವುದೆಂದು ತಿಳಿಯದೆ ‘ಈಸ್ ನಾಟ್ ಯುನೀಕ್’ ಎನ್ನುತ್ತದೆ ಪೋಸ್ಟ್‌ಗ್ರೆಸ್. ಅದಕ್ಕೂ ಕಾಸ್ಟೇ ಮದ್ದು.

ಪೋಸ್ಟ್‌ಗ್ರೆಸ್‌ನ ಹೆಸರಿಟ್ಟ ಆರ್ಗ್ಯುಮೆಂಟ್ ಪದ್ಧತಿಗೆ, ಅಂದರೆ ‘=>’ ಗುರುತಿನದಕ್ಕೆ, ಫಂಕ್‌ನಲ್ಲಿ ನೇರ ದಾರಿ ಇಲ್ಲ. ಪೈಥಾನಿನ ಕೀವರ್ಡ್ ಆರ್ಗ್ಯುಮೆಂಟ್ ಕೊಟ್ಟರೆ ಟೈಪ್‌ಎರರ್. ಎಂಟು ಹತ್ತು ಐಚ್ಛಿಕ ಪ್ಯಾರಾಮೀಟರ್ ಇರುವ ಫಂಕ್ಷನ್‌ಗಳಿಗೆ ಇದು ದೊಡ್ಡ ಕೊರತೆ. ಅಲ್ಲಿ ಟೆಕ್ಸ್ಟ್() ಒಳಗೆ ಎಸ್‌ಕ್ಯೂಎಲ್ ಬರೆದು ಮೌಲ್ಯಗಳನ್ನು ಬೈಂಡ್ ಮಾಡುವುದೇ ಸ್ಪಷ್ಟ.

ಹೆಸರಿನ ವಿಷಯ

ಮೇಲಿನ ಉದಾಹರಣೆಯ ಕನ್ನಡ ಹೆಸರು ನಿಜವಾಗಿಯೂ ನಡೆಯುತ್ತದೆ. ಪೈಥಾನ್ 3 ಕನ್ನಡ ಅಕ್ಷರಗಳ ಹೆಸರನ್ನು ಒಪ್ಪುತ್ತದೆ, ಪೋಸ್ಟ್‌ಗ್ರೆಸ್ಸೂ ಒಪ್ಪುತ್ತದೆ. ಎಸ್‌ಕ್ಯೂಎಲ್‌ಆಲ್ಕೆಮಿ ಲ್ಯಾಟಿನ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಡಾಲರ್ ಬಿಟ್ಟು ಬೇರೇನು ಕಂಡರೂ ಹೆಸರನ್ನು ಜೋಡಿ ಉದ್ಧರಣದಲ್ಲಿಡುತ್ತದೆ, ಅದರಿಂದ ತೊಂದರೆಯಿಲ್ಲ. ಎರಡು ಎಚ್ಚರಿಕೆ ಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿನ ಮಿತಿ 63 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ 3 ಬೈಟ್, ಅಂದರೆ ಕಾಗುಣಿತ ಚಿಹ್ನೆ, ಒತ್ತಿನ ವಿರಾಮ ಎಲ್ಲ ಸೇರಿ 21 ಸಂಕೇತ ಮಾತ್ರ. ಎರಡನೆಯದು, ಪೈಥಾನ್ ಹೆಸರುಗಳನ್ನು ಎನ್‌ಎಫ್‌ಕೆಸಿ ಎಂಬ ಯೂನಿಕೋಡ್ ಏಕರೂಪಕ್ಕೆ ತರುತ್ತದೆ. ‘ೋ’ ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿ ಚಿಹ್ನೆಗಳ ಸರಣಿಯಾಗಿಯೂ ಇರಬಹುದು. ಎಸ್‌ಕ್ಯೂಎಲ್ ಫೈಲಿನಲ್ಲಿ ಬಿಡಿ ಚಿಹ್ನೆಗಳಿಂದ ಫಂಕ್ಷನ್ ಸೃಷ್ಟಿಸಿದ್ದರೆ ಎರಡು ಹೆಸರೂ ಕಣ್ಣಿಗೆ ಒಂದೇ, ಡೇಟಾಬೇಸಿಗೆ ಬೇರೆ ಬೇರೆ.

ಇಂಗ್ಲಿಷ್ ಹೆಸರುಗಳಲ್ಲಿ ತೊಡಕು ಬೇರೆ. ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೆರೆಸಿದ ಹೆಸರನ್ನು ಫಂಕ್ ಉದ್ಧರಣದಲ್ಲಿಡುವುದಿಲ್ಲ. ಕಾಲಮ್ ಮತ್ತು ಟೇಬಲ್ ಹೆಸರುಗಳಿಗೆ ಇಡುತ್ತದೆ, ಫಂಕ್ಷನ್‌ಗಿಲ್ಲ. ಉದ್ಧರಣವಿಲ್ಲದ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣ ಅಕ್ಷರಕ್ಕೆ ಇಳಿಸುವುದರಿಂದ, ಉದ್ಧರಣ ಹಾಕಿ ಬೆರಕೆ ಅಕ್ಷರಗಳಲ್ಲಿ ಸೃಷ್ಟಿಸಿದ ಫಂಕ್ಷನ್ ಸಿಗುವುದೇ ಇಲ್ಲ. ಜೆನೆರಿಕ್‌ಫಂಕ್ಷನ್ ಎಂಬ ಕ್ಲಾಸಿನಿಂದ ಒಂದು ಉಪಕ್ಲಾಸ್ ಮಾಡಿ, ಅದರ ನೇಮ್‌ಗೆ ಕೋಟೆಡ್_ನೇಮ್ ಕೊಟ್ಟರೆ ಬಗೆಹರಿಯುತ್ತದೆ.

ಅದೇ ಜೆನೆರಿಕ್‌ಫಂಕ್ಷನ್‌ನಲ್ಲಿ ರಿಟರ್ನ್ ಟೈಪನ್ನೂ ಒಮ್ಮೆ ಬರೆದಿಟ್ಟರೆ ಪ್ರತಿ ಕರೆಯಲ್ಲೂ ಟೈಪ್_ ಕೊಡುವ ಕೆಲಸ ತಪ್ಪುತ್ತದೆ. ಕೇಳಲು ಚೆಂದ, ಆದರೆ ಮೂರು ಮುಳ್ಳುಗಳಿವೆ. ಇನ್ಹೆರಿಟ್_ಕ್ಯಾಶ್ ಅನ್ನು ಟ್ರೂ ಎಂದು ಬರೆಯದಿದ್ದರೆ ಆ ಫಂಕ್ಷನ್ ಇರುವ ಕ್ವೆರಿಗಳು ಕಂಪೈಲ್ ಕ್ಯಾಶ್‌ನಿಂದ (ಒಮ್ಮೆ ಕಟ್ಟಿದ ಎಸ್‌ಕ್ಯೂಎಲ್ ಅನ್ನು ಮರುಬಳಕೆಗೆ ಇಡುವ ಸಂಗ್ರಹ) ಹೊರಗುಳಿಯುತ್ತವೆ. ಎಚ್ಚರಿಕೆ ಬರುತ್ತದೆ, ಕೆಲಸ ನಿಧಾನವಾಗುತ್ತದೆ. ಈ ಕ್ಲಾಸ್‌ಗಳು ಇಡೀ ಪ್ರೋಗ್ರಾಮಿಗೆ ಒಂದೇ ಆದ ಪಟ್ಟಿಯಲ್ಲಿ ತಾವಾಗಿ ದಾಖಲಾಗುತ್ತವೆ, ಹಾಗಾಗಿ ಎರಡು ಮಾಡ್ಯೂಲ್‌ಗಳು ಒಂದೇ ಹೆಸರಿಟ್ಟರೆ ಒಂದು ಇನ್ನೊಂದನ್ನು ಅಳಿಸುತ್ತದೆ. ಮೂರನೆಯದು ಹೆಚ್ಚು ಕಾಡುವುದು: ಅಲ್ಲಿರುವ ‘ಪ್ಯಾಕೇಜ್’ ಸ್ಕೀಮಾ ಅಲ್ಲ. ಅದು ಪೈಥಾನ್ ಕಡೆಯ ಗುಂಪಿನ ಹೆಸರು ಮಾತ್ರ, ಎಸ್‌ಕ್ಯೂಎಲ್‌ನಲ್ಲಿ ಮೂಡುವುದೇ ಇಲ್ಲ. ಆದರೆ ಸಾಮಾನ್ಯ ಫಂಕ್‌ನಲ್ಲಿ ಎರಡು ಚುಕ್ಕೆ ಹಾಕಿ ಬರೆದರೆ ಮೊದಲ ಭಾಗ ಸ್ಕೀಮಾ ಹೆಸರಾಗಿ ಮೂಡುತ್ತದೆ. ನೋಡಲು ಒಂದೇ ರೀತಿಯ ಎರಡು ಕರೆಗಳು ಬೇರೆ ಬೇರೆ ಎಸ್‌ಕ್ಯೂಎಲ್ ಬರೆಯುತ್ತವೆ. ಈ ವಿನ್ಯಾಸ ಸರಿಯಿಲ್ಲ ಎಂದೇ ಹೇಳಬೇಕು.

ಹೀಗಾಗಿ ಬೆರಕೆ ಅಕ್ಷರದ ಹೆಸರಿನಂಥ ವಿಶೇಷ ಸಂದರ್ಭ ಬಿಟ್ಟರೆ, ಒಂದು ಸಾದಾ ಪೈಥಾನ್ ಫಂಕ್ಷನ್ ಬರೆಯುವುದು ಮೇಲು. ಡೇಟಾಬೇಸಿನ ಪ್ರತಿ ಫಂಕ್ಷನ್‌ಗೂ ಒಂದೊಂದು, ಎಲ್ಲ ಒಂದೇ ಫೈಲಿನಲ್ಲಿ. ಒಳಗೆ ಇರುವುದು ಒಂದೇ ಸಾಲು: ಸ್ಕೀಮಾ ಸಮೇತ ಫಂಕ್ ಕರೆ, ಬೇಕಾದ ಕಾಸ್ಟ್‌ಗಳು, ಟೈಪ್_. ಕಾಗುಣಿತ ತಪ್ಪುವ ಜಾಗ ಒಂದೇ ಉಳಿಯುತ್ತದೆ, ಟೈಪ್ ಚೆಕರ್‌ಗೂ ನೋಡಲು ಏನಾದರೂ ಸಿಗುತ್ತದೆ, ಕೀವರ್ಡ್ ಆರ್ಗ್ಯುಮೆಂಟ್ ಸುಖವೂ ಸಿಗುತ್ತದೆ.

ಎಸ್‌ಕ್ಯೂಎಲ್ ಸರ್ವರ್ ಬಳಸುವವರಿಗೆ ಸ್ಕೀಮಾ ಐಚ್ಛಿಕವಲ್ಲ. ನಾವು ಬರೆದ ಸ್ಕೇಲಾರ್ ಫಂಕ್ಷನ್‌ಗಳನ್ನು ಫಂಕ್.ಡಿಬಿಒ ಎಂದು ಶುರುಮಾಡಿಯೇ ಕರೆಯಬೇಕು, ಇಲ್ಲದಿದ್ದರೆ ಅದು ಬಿಲ್ಟ್-ಇನ್ ಫಂಕ್ಷನ್ ಎಂದು ಹುಡುಕಿ ಕೈಚೆಲ್ಲುತ್ತದೆ.

ಸಾಲುಗಳನ್ನು ಕೊಡುವ ಫಂಕ್ಷನ್

ಪೋಸ್ಟ್‌ಗ್ರೆಸ್‌ನಲ್ಲಿ ಐಡಿ, ಹೆಸರು, ಬಾಕಿ ಎಂಬ ಮೂರು ಕಾಲಮ್ ಕೊಡುವ ಫಂಕ್ಷನ್ನನ್ನು ಸೆಲೆಕ್ಟ್ ಒಳಗೆ ನೇರವಾಗಿ ಇಟ್ಟರೆ, ಮೂರೂ ಸೇರಿ ಆವರಣದೊಳಗಿನ ಒಂದೇ ಮೌಲ್ಯವಾಗಿ ಬರುತ್ತವೆ. ಅದನ್ನು ಪೈಥಾನಿನಲ್ಲಿ ಅಲ್ಪವಿರಾಮಕ್ಕೆ ಒಡೆಯುವ ಕೋಡ್ ಬರೆಯಬೇಡಿ, ಹೆಸರಿನೊಳಗೇ ಅಲ್ಪವಿರಾಮ ಬಂದ ದಿನ ಅದು ಮುರಿಯುತ್ತದೆ. ಕರೆಯ ಬೆನ್ನಿಗೆ .ಟೇಬಲ್_ವ್ಯಾಲ್ಯೂಡ್ ಸೇರಿಸಿ ಕಾಲಮ್ ಹೆಸರುಗಳನ್ನು ಕೊಡಿ. ಆಗ ಫಂಕ್ಷನ್ ‘ಫ್ರಮ್’ ಭಾಗಕ್ಕೆ ಹೋಗಿ ಟೇಬಲ್‌ನಂತೆ ವರ್ತಿಸುತ್ತದೆ, .ಸಿ ಮೂಲಕ ಕಾಲಮ್ ಹಿಡಿದು ವೇರ್, ಆರ್ಡರ್ ಬೈ ಎಲ್ಲ ಹಾಕಬಹುದು. ಬರಿ ಹೆಸರಿನ ಬದಲು ಕಾಲಮ್(ಹೆಸರು, ಟೈಪ್) ಎಂದು ಕೊಟ್ಟರೆ ಟೈಪ್ ಸಮಸ್ಯೆಯೂ ಅಲ್ಲೇ ಮುಗಿಯುತ್ತದೆ. ಒಂದೇ ಕಾಲಮ್ ಬರುವುದಾದರೆ .ಕಾಲಮ್_ವ್ಯಾಲ್ಯೂಡ್ ಸಾಕು.

ಫಂಕ್ಷನ್ ‘ರಿಟರ್ನ್ಸ್ ಸೆಟ್‌ಆಫ್ ರೆಕಾರ್ಡ್’ ಎಂದಿದ್ದರೆ ಪೋಸ್ಟ್‌ಗ್ರೆಸ್‌ಗೆ ಕಾಲಮ್‌ಗಳ ಟೈಪ್ ಪಟ್ಟಿ ಕರೆಯುವಾಗಲೇ ಬೇಕು. .ರೆಂಡರ್_ಡಿರೈವ್ಡ್(ವಿತ್_ಟೈಪ್ಸ್=ಟ್ರೂ) ಅದನ್ನು ಬರೆದುಕೊಡುತ್ತದೆ. ‘ರಿಟರ್ನ್ಸ್ ಟೇಬಲ್’ ಎಂದು ಘೋಷಿಸಿದ ಫಂಕ್ಷನ್‌ಗೆ ಇದನ್ನೇ ಹಾಕಿದರೆ ಉಲ್ಟಾ, ಪಟ್ಟಿ ಬೇಡವೆಂದು ತಪ್ಪು ಕೊಡುತ್ತದೆ.

ಒಂದು ಟೇಬಲಿನ ಪ್ರತಿ ಸಾಲಿಗೂ ಫಂಕ್ಷನ್ ಕರೆಯಬೇಕಾದಾಗ ಆ ಟೇಬಲ್ ‘ಫ್ರಮ್’ನಲ್ಲಿ ಮೊದಲು ಬರಬೇಕು, ಫಂಕ್ಷನ್ ಆಮೇಲೆ. ಕ್ರಮವನ್ನು ಎಸ್‌ಕ್ಯೂಎಲ್‌ಆಲ್ಕೆಮಿಯ ಊಹೆಗೆ ಬಿಡದೆ, ಸೆಲೆಕ್ಟ್_ಫ್ರಮ್‌ಗೆ ಟೇಬಲ್ ಕೊಟ್ಟು, ಜಾಯಿನ್‌ಗೆ ಫಂಕ್ಷನ್ ಮತ್ತು ಟ್ರೂ() ಷರತ್ತು ಕೊಡಿ. ಸಾಮಾನ್ಯ ಜಾಯಿನ್‌ನಲ್ಲಿ, ಫಂಕ್ಷನ್ ಯಾವ ಸಾಲಿಗೆ ಏನೂ ಕೊಡಲಿಲ್ಲವೋ ಆ ಸಾಲು ಫಲಿತಾಂಶದಿಂದ ಸದ್ದಿಲ್ಲದೆ ಮಾಯವಾಗುತ್ತದೆ. ಬಾಕಿಯಿಲ್ಲದ ಗ್ರಾಹಕರೂ ಪಟ್ಟಿಯಲ್ಲಿರಬೇಕು ಎಂದರೆ ಔಟರ್‌ಜಾಯಿನ್ ಬೇಕು. ಜಾಯಿನ್ ಹಾಕದೆ ಹಾಗೇ ಬರೆದಾಗ ‘ಕಾರ್ಟೀಸಿಯನ್ ಪ್ರಾಡಕ್ಟ್’ ಎಂಬ ಎಚ್ಚರಿಕೆ ಬರಬಹುದು. ಬೇಕೆಂದೇ ಬರೆದಿದ್ದೇನೆ ಎಂದು ತಿಳಿಸಲು ಜಾಯಿನ್ಸ್_ಇಂಪ್ಲಿಸಿಟ್ಲಿ ಎಂಬ ಆಯ್ಕೆ 1.4.33ರಿಂದ ಇದೆ.

ಮೈಎಸ್‌ಕ್ಯೂಎಲ್‌ನವರಿಗೆ ಈ ಭಾಗ ಉಪಯೋಗಕ್ಕೆ ಬರುವುದಿಲ್ಲ, ಅಲ್ಲಿ ನಾವು ಬರೆಯುವ ಸ್ಟೋರ್ಡ್ ಫಂಕ್ಷನ್ ಸಾಲುಗಳ ಗುಂಪನ್ನು ಹಿಂತಿರುಗಿಸುವಂತಿಲ್ಲ.

ಬರೆಯುವ ಫಂಕ್ಷನ್: ತಪ್ಪೇ ತೋರಿಸದ ತಪ್ಪು

ಒಳಗೆ ಇನ್‌ಸರ್ಟ್ ಅಥವಾ ಅಪ್‌ಡೇಟ್ ಮಾಡುವ ಫಂಕ್ಷನ್ನನ್ನು ಸೆಲೆಕ್ಟ್ ಮೂಲಕ ಕರೆದಿರಿ. ಹೊಸ ಬಿಲ್ಲಿನ ಐಡಿ 4071 ಎಂದು ವಾಪಸ್ಸೂ ಬಂತು. ಟೇಬಲ್ ತೆರೆದು ನೋಡಿದರೆ ಸಾಲೇ ಇಲ್ಲ. ಎಸ್‌ಕ್ಯೂಎಲ್‌ಆಲ್ಕೆಮಿ 2.0ರಲ್ಲಿ ತಾನಾಗಿ ಕಮಿಟ್ ಆಗುವುದಿಲ್ಲ, ಕನೆಕ್ಷನ್ ಮುಚ್ಚುವಾಗ ರೋಲ್‌ಬ್ಯಾಕ್ ಆಗುತ್ತದೆ. ಎಕೋ=ಟ್ರೂ ಹಾಕಿ ಲಾಗ್ ನೋಡಿದರೆ ಮೂರು ಹೆಜ್ಜೆ ಸ್ಪಷ್ಟವಾಗಿ ಕಾಣುತ್ತವೆ: ಬಿಗಿನ್ (ಇಂಪ್ಲಿಸಿಟ್), ನಿಮ್ಮ ಸೆಲೆಕ್ಟ್, ಕೊನೆಗೆ ರೋಲ್‌ಬ್ಯಾಕ್. ಸೀಕ್ವೆನ್ಸ್ ಮಾತ್ರ ಹಿಂದಕ್ಕೆ ಹೋಗುವುದಿಲ್ಲ, ಹಾಗಾಗಿ ಮುಂದಿನ ಸಲ 4072 ಬರುತ್ತದೆ, ಎಲ್ಲ ಸರಿಯಿದೆ ಎಂಬ ಭ್ರಮೆ ಗಟ್ಟಿಯಾಗುತ್ತದೆ. ಬರೆಯುವ ಫಂಕ್ಷನ್‌ಗಳನ್ನು, ಕೊನೆಯಲ್ಲಿ ಕಮಿಟ್ ಮಾಡುವ ಎಂಜಿನ್.ಬಿಗಿನ್() ಬ್ಲಾಕಿನೊಳಗೇ ಕರೆಯಿರಿ. ಓದುವ ಕ್ವೆರಿಯಂತೆ ಕಾಣುವುದರಿಂದ ಕೋಡ್ ರಿವ್ಯೂ ಮಾಡುವವರ ಕಣ್ಣಿಗೂ ಇದು ಬೀಳುವುದಿಲ್ಲ, ಆದ್ದರಿಂದ ಹೆಸರಿನಲ್ಲೇ ‘ಸೇರಿಸು’, ‘ತಿದ್ದು’ ಎಂಬ ಸುಳಿವಿರಲಿ. ಆರಕಲ್‌ನಲ್ಲಿ ಈ ಗೊಂದಲಕ್ಕೆ ಆಸ್ಪದವೇ ಇಲ್ಲ. ಸೆಲೆಕ್ಟ್ ಒಳಗಿನ ಫಂಕ್ಷನ್ ಟೇಬಲ್ ತಿದ್ದಲು ಹೋದರೆ ಒಆರ್‌ಎ-14551 ಎಂದು ನಿಲ್ಲಿಸಿಬಿಡುತ್ತದೆ.

ಒಆರ್‌ಎಂ (ಟೇಬಲಿನ ಸಾಲುಗಳನ್ನು ಪೈಥಾನ್ ಆಬ್ಜೆಕ್ಟ್‌ಗಳಾಗಿ ಕೊಡುವ ಪದರ) ಸೆಷನ್ ಜತೆ ಬಳಸುವವರಿಗೆ ಇನ್ನೆರಡು ಗಮನಿಸಬೇಕಾದ ಸಂಗತಿಗಳಿವೆ. ಸೆಷನ್‌ಗೆ ಆಡ್ ಮಾಡಿ ಇನ್ನೂ ಡೇಟಾಬೇಸಿಗೆ ಹೋಗದ ಆಬ್ಜೆಕ್ಟ್‌ಗಳನ್ನು ಸಾಮಾನ್ಯವಾಗಿ ಆಟೋಫ್ಲಶ್ ತಳ್ಳುತ್ತದೆ. ಆದರೆ ಅದು ನಡೆಯುವುದು ಕ್ವೆರಿಯಲ್ಲಿ ಒಆರ್‌ಎಂ ಕ್ಲಾಸ್ ಅಥವಾ ಅದರ ಕಾಲಮ್ ಇದ್ದಾಗ. ಬರಿ ಸೆಲೆಕ್ಟ್(ಫಂಕ್.ಒಟ್ಟು_ಬಾಕಿ(12)) ಎಂದರೆ ಅದರಲ್ಲಿ ಒಆರ್‌ಎಂ ಏನೂ ಇಲ್ಲ, ಹಾಗಾಗಿ ಫ್ಲಶ್ ಆಗುವುದಿಲ್ಲ, ಈಗಷ್ಟೇ ಸೇರಿಸಿದ ಬಿಲ್ಲು ಲೆಕ್ಕಕ್ಕೆ ಸಿಗುವುದಿಲ್ಲ. ಕರೆಯುವ ಮೊದಲು ಸೆಷನ್.ಫ್ಲಶ್() ಬರೆಯಿರಿ. ಇನ್ನೊಂದು, ಫಂಕ್ಷನ್ ಡೇಟಾಬೇಸಿನಲ್ಲಿ ತಿದ್ದಿದ ಸಾಲುಗಳು ಸೆಷನ್‌ನಲ್ಲಿರುವ ಆಬ್ಜೆಕ್ಟ್‌ಗೆ ತಿಳಿಯುವುದಿಲ್ಲ. ಬೇಕಾದ ಆಬ್ಜೆಕ್ಟನ್ನು ರಿಫ್ರೆಶ್ ಮಾಡಬೇಕು, ಅಥವಾ ಎಕ್ಸ್‌ಪೈರ್_ಆಲ್() ಕರೆಯಬೇಕು.

ಎಸ್‌ಕ್ಯೂಲೈಟ್ ಮತ್ತು ಕನ್ನಡದ ಅಕಾರಾದಿ

ಎಸ್‌ಕ್ಯೂಲೈಟ್‌ನಲ್ಲಿ ಫಂಕ್ಷನ್ ಡೇಟಾಬೇಸ್ ಫೈಲಿನೊಳಗೆ ಇರುವುದಿಲ್ಲ. ಪೈಥಾನಿನಲ್ಲೇ ಬರೆದು, ಕನೆಕ್ಷನ್‌ಗೆ ಕ್ರಿಯೇಟ್_ಫಂಕ್ಷನ್ ಮೂಲಕ ಜೋಡಿಸಬೇಕು. ಕನ್ನಡ ಪಟ್ಟಿಗಳನ್ನು ಇಟ್ಟುಕೊಂಡವರಿಗೆ ಇದರಿಂದ ನೇರ ಪ್ರಯೋಜನವಿದೆ. ಯೂನಿಕೋಡ್ ಸಂಕೇತಗಳ ಕ್ರಮದಲ್ಲಿ ‘ಳ’ ಅಕ್ಷರ ‘ಲ’ದ ಪಕ್ಕದಲ್ಲೇ ಇದೆ. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ. ಎಸ್‌ಕ್ಯೂಲೈಟ್ ಸುಮ್ಮನೆ ಆರ್ಡರ್ ಬೈ ಮಾಡಿದರೆ ಮಲೆ, ಮಳೆ, ಮಸಾಲೆ, ಮಹಡಿ ಎಂದು ಕೊಡುತ್ತದೆ. ನಿಘಂಟಿನ ಕ್ರಮ ಮಲೆ, ಮಸಾಲೆ, ಮಹಡಿ, ಮಳೆ.

‘ಕನ್ನಡ_ಕ್ರಮ’ ಎಂಬ ಫಂಕ್ಷನ್ ಮೂರು ಕೆಲಸ ಮಾಡಿದರೆ ಸಾಕು. ಮೊದಲು ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ ತರುವುದು. ನಂತರ ಕೀಲಿಮಣೆಗಳು ಅಲ್ಲಲ್ಲಿ ಸೇರಿಸುವ ಕಣ್ಣಿಗೆ ಕಾಣದ 200ಸಿ ಸಂಕೇತವನ್ನು ತೆಗೆಯುವುದು. ಕೊನೆಗೆ ‘ಳ’ವನ್ನು 0ಸಿಬಿಎ ಎಂಬ ಸಂಕೇತಕ್ಕೆ ಬದಲಿಸುವುದು. ‘ಹ’ದ ಸಂಕೇತ 0ಸಿಬಿ9, ಅದರ ಮುಂದಿನ ಈ ಜಾಗ ಯೂನಿಕೋಡ್‌ನಲ್ಲಿ ಖಾಲಿ ಇರುವುದರಿಂದ ‘ಳ’ ಸರಿಯಾದ ಕಡೆ ಕೂರುತ್ತದೆ. ಇದು ವಿಂಗಡಣೆಗೆ ಮಾತ್ರ ಬಳಸುವ ಕೀಲಿ, ಪರದೆಯ ಮೇಲೆ ತೋರಿಸುವುದಲ್ಲ. ಆಮೇಲೆ ಆರ್ಡರ್_ಬೈ(ಫಂಕ್.ಕನ್ನಡ_ಕ್ರಮ(ಪದ)) ಎಂದು ಬರೆದರೆ ಆಯಿತು.

ಜೋಡಿಸುವ ಜಾಗ ಮುಖ್ಯ. ಒಂದು ಕನೆಕ್ಷನ್ ತೆರೆದು ಅದಕ್ಕೆ ಮಾತ್ರ ಜೋಡಿಸಿದರೆ, ಕನೆಕ್ಷನ್‌ಗಳನ್ನು ಕೂಡಿಟ್ಟು ಹಂಚುವ ಪೂಲ್ ಇನ್ನೊಂದು ಕನೆಕ್ಷನ್ ತೆರೆದ ಕ್ಷಣ ‘ನೋ ಸಚ್ ಫಂಕ್ಷನ್’ ಎಂಬ ತಪ್ಪು ಬರುತ್ತದೆ. ಒಬ್ಬರೇ ಪರೀಕ್ಷಿಸುವಾಗ ಸರಿ, ನಾಲ್ಕು ಜನ ಬಳಸುವಾಗ ಆಗೊಮ್ಮೆ ಈಗೊಮ್ಮೆ ತಪ್ಪು ಎಂಬ ಲಕ್ಷಣ ಕಂಡರೆ ಕಾರಣ ಇದೇ. ಎಂಜಿನ್ ಸೃಷ್ಟಿಸಿದ ಕೂಡಲೇ, ಮೊದಲ ಕನೆಕ್ಷನ್‌ಗೂ ಮುಂಚೆ, ಅದರ ‘ಕನೆಕ್ಟ್’ ಇವೆಂಟ್‌ಗೆ ಒಂದು ಲಿಸನರ್ ಬರೆದು ಅದರೊಳಗೆ ಕ್ರಿಯೇಟ್_ಫಂಕ್ಷನ್ ಕರೆಯಿರಿ. ಅಸಿಂಕ್ ಎಂಜಿನ್ ಆದರೆ ಇವೆಂಟನ್ನು ಅದರ ಸಿಂಕ್_ಎಂಜಿನ್ ಮೇಲೆ ಹಾಕಬೇಕು. ಆರ್ಗ್ಯುಮೆಂಟ್ ಸಂಖ್ಯೆ 1, ಡಿಟರ್ಮಿನಿಸ್ಟಿಕ್=ಟ್ರೂ ಕೊಡಿ. ಇದಿಲ್ಲದಿದ್ದರೆ ಆ ಫಂಕ್ಷನ್ ಮೇಲೆ ಇಂಡೆಕ್ಸ್ ಕಟ್ಟಲು ಎಸ್‌ಕ್ಯೂಲೈಟ್ ಬಿಡುವುದಿಲ್ಲ. ಇಂಡೆಕ್ಸ್ ಕಟ್ಟಿದ ಮೇಲೆ ಆ ಟೇಬಲಿಗೆ ಬೇರೆ ಯಾವ ಟೂಲಿನಿಂದಲೂ ಸಾಲು ಸೇರಿಸಲಾಗದು, ಅದಕ್ಕೆ ಈ ಫಂಕ್ಷನ್ ಗೊತ್ತಿರುವುದಿಲ್ಲವಲ್ಲ.

ಕಾಲಮ್‌ನಲ್ಲಿ ನಲ್ ಇದ್ದರೆ ನಿಮ್ಮ ಪೈಥಾನ್ ಕೋಡಿಗೆ ನನ್ ಬರುತ್ತದೆ. ಅದನ್ನು ನೋಡಿಕೊಳ್ಳದಿದ್ದರೆ ಸಿಗುವ ಸಂದೇಶ ‘ಯೂಸರ್-ಡಿಫೈನ್ಡ್ ಫಂಕ್ಷನ್ ರೈಸ್ಡ್ ಎಕ್ಸೆಪ್ಷನ್’ ಎಂದಷ್ಟೇ, ಯಾವ ಸಾಲು, ಯಾವ ತಪ್ಪು ಎಂಬುದಿಲ್ಲ. ಎಸ್‌ಕ್ಯೂಲೈಟ್3 ಮಾಡ್ಯೂಲಿನ ಎನೇಬಲ್_ಕಾಲ್‌ಬ್ಯಾಕ್_ಟ್ರೇಸ್‌ಬ್ಯಾಕ್ಸ್(ಟ್ರೂ) ಹಾಕಿದರೆ ಪೂರ್ತಿ ವಿವರ ಕಾಣುತ್ತದೆ.

ಈ ವಿಷಯದಲ್ಲಿ ಪೀವೀ ಎಂಬ ಇನ್ನೊಂದು ಪೈಥಾನ್ ಡೇಟಾಬೇಸ್ ಲೈಬ್ರರಿ ಮುಂದಿದೆ. ಅಲ್ಲಿ ಪೈಥಾನ್ ಫಂಕ್ಷನ್ ಮೇಲೆ ಡಿಬಿ.ಫಂಕ್ ಎಂಬ ಡೆಕೊರೇಟರ್ ಹಾಕಿದರೆ ಎಲ್ಲ ಕನೆಕ್ಷನ್‌ಗೂ ಅದೇ ನೋಂದಾಯಿಸುತ್ತದೆ. ಎಸ್‌ಕ್ಯೂಎಲ್‌ಆಲ್ಕೆಮಿ ಇಷ್ಟು ಸಣ್ಣ ಅನುಕೂಲವನ್ನು ಇನ್ನೂ ಕೊಟ್ಟಿಲ್ಲ. ಪೈಥಾನಿನ ವೆಬ್ ಚೌಕಟ್ಟಾದ ಜ್ಯಾಂಗೋದ ಫಂಕ್ ಕ್ಲಾಸ್ ಇನ್ನೊಂದು ತುದಿ. ಔಟ್‌ಪುಟ್_ಫೀಲ್ಡ್ ಹೇಳದೆ ಮುಂದೆ ಹೋದರೆ ಅನೇಕ ಕಡೆ ಅದು ಪೈಥಾನಿನಲ್ಲೇ ತಡೆಯುತ್ತದೆ. ಬರೆಯುವುದು ಹೆಚ್ಚು, ಆದರೆ ಟೈಪ್ ಮರೆಯುವ ಅವಕಾಶ ಕಡಿಮೆ.

ಪ್ರೊಸೀಜರ್‌ಗೆ ಬೇರೆ ದಾರಿ

ಪೋಸ್ಟ್‌ಗ್ರೆಸ್ 11ರಿಂದ ಬಂದ ಪ್ರೊಸೀಜರ್‌ಗಳನ್ನು ಸೆಲೆಕ್ಟ್‌ನಿಂದ ಕರೆಯಲಾಗದು, ಆದ್ದರಿಂದ ಫಂಕ್ ಇಲ್ಲಿ ನಿರುಪಯೋಗಿ. ಟೆಕ್ಸ್ಟ್() ಒಳಗೆ ಕಾಲ್ ಎಂದು ಬರೆಯಬೇಕು. ಸೈಕಾಪ್‌ಜಿ2ರ ಕಾಲ್‌ಪ್ರಾಕ್ ಹೆಸರು ನೋಡಿ ಮೋಸಹೋಗಬೇಡಿ, ಅದು ಕರೆಯುವುದು ಫಂಕ್ಷನ್‌ಗಳನ್ನು. ಸೈಕಾಪ್‌ಜಿ 3ರಲ್ಲಿ ಅದನ್ನು ತೆಗೆದೇಹಾಕಿದ್ದಾರೆ. ಪ್ರೊಸೀಜರಿನ ಒಳಗೇ ಕಮಿಟ್ ಇದ್ದರೆ, ಎಸ್‌ಕ್ಯೂಎಲ್‌ಆಲ್ಕೆಮಿ ಮೊದಲೇ ಶುರುಮಾಡಿದ ಟ್ರಾನ್ಸಾಕ್ಷನ್ನಿಂದಾಗಿ ‘ಇನ್ವ್ಯಾಲಿಡ್ ಟ್ರಾನ್ಸಾಕ್ಷನ್ ಟರ್ಮಿನೇಷನ್’ ಬರುತ್ತದೆ. ಆ ಕನೆಕ್ಷನ್‌ಗೆ ಐಸೊಲೇಷನ್_ಲೆವೆಲ್ ಅನ್ನು ಆಟೋಕಮಿಟ್ ಎಂದು ಕೊಟ್ಟು ಕರೆಯಬೇಕು.

ಮೈಎಸ್‌ಕ್ಯೂಎಲ್‌ನಲ್ಲಿ ಎಂಜಿನ್.ರಾ_ಕನೆಕ್ಷನ್() ತೆಗೆದುಕೊಂಡು ಕರ್ಸರ್‌ನ ಕಾಲ್‌ಪ್ರಾಕ್ ಬಳಸಿ. ಒಂದಕ್ಕಿಂತ ಹೆಚ್ಚು ಫಲಿತಾಂಶ ಗುಂಪುಗಳಿದ್ದರೆ ನೆಕ್ಸ್ಟ್‌ಸೆಟ್() ಮೂಲಕ ಒಂದೊಂದಾಗಿ ಮುಂದೆ ಹೋಗಬೇಕು. ಕಮಿಟ್ ಮತ್ತು ಕ್ಲೋಸ್ ಎರಡೂ ನಿಮ್ಮ ಜವಾಬ್ದಾರಿ. ಎಸ್‌ಕ್ಯೂಎಲ್ ಸರ್ವರ್‌ನ ಪೈಒಡಿಬಿಸಿಯಲ್ಲಿ ಕಾಲ್‌ಪ್ರಾಕ್ ಇಲ್ಲ, ಎಕ್ಸೆಕ್ ಬರೆಯಬೇಕು. ಪ್ರೊಸೀಜರ್ ಮೊದಲ ಸಾಲಿನಲ್ಲಿ ಸೆಟ್ ನೋಕೌಂಟ್ ಆನ್ ಇಲ್ಲದಿದ್ದರೆ ಒಳಗಿನ ಅಪ್‌ಡೇಟ್‌ಗಳ ಎಣಿಕೆಯೇ ಮೊದಲ ಫಲಿತಾಂಶವಾಗಿ ಬಂದು ‘ನೋ ರಿಸಲ್ಟ್ಸ್’ ಎಂಬ ತಪ್ಪು ಕಾಣುತ್ತದೆ.

ಫಂಕ್ಷನ್ ಸೃಷ್ಟಿಸುವ ಕೆಲಸದಲ್ಲೂ ಎಸ್‌ಕ್ಯೂಎಲ್‌ಆಲ್ಕೆಮಿಯ ನೆರವು ಕಡಿಮೆ. ಕ್ರಿಯೇಟ್_ಆಲ್ ಟೇಬಲ್ ಕಟ್ಟುತ್ತದೆ, ಫಂಕ್ಷನ್ ಕಟ್ಟುವುದಿಲ್ಲ. ಡೇಟಾಬೇಸ್ ರಚನೆಯ ಬದಲಾವಣೆಗಳನ್ನು (ಮೈಗ್ರೇಷನ್) ನಿರ್ವಹಿಸುವ ಟೂಲ್ ಅಲೆಂಬಿಕ್‌ನ ಆಟೋಜನರೇಟ್‌ಗೂ ಅವು ಕಾಣುವುದಿಲ್ಲ. ಮೈಗ್ರೇಷನ್ ಫೈಲಿನಲ್ಲಿ ಆಪ್.ಎಕ್ಸಿಕ್ಯೂಟ್ ಒಳಗೆ ಕೈಯಾರೆ ಬರೆಯಬೇಕು, ಡೌನ್‌ಗ್ರೇಡ್ ಭಾಗದಲ್ಲಿ ಹಿಂದಿನ ಆವೃತ್ತಿಯ ಪೂರ್ತಿ ಪಠ್ಯವನ್ನೂ ಇಡಬೇಕು. ಟೆಸ್ಟ್‌ಗಳಿಗಾಗಿ ಟೇಬಲ್ ಜತೆಗೇ ಫಂಕ್ಷನ್ ಬೇಕಿದ್ದರೆ ಮೆಟಾಡೇಟಾದ ಇವೆಂಟ್‌ಗೆ ಡಿಡಿಎಲ್() ಕಟ್ಟಬಹುದು, ಎಕ್ಸಿಕ್ಯೂಟ್_ಇಫ್ ಹಾಕಿ ಪೋಸ್ಟ್‌ಗ್ರೆಸ್‌ಗೆ ಮಾತ್ರ ಸೀಮಿತ ಮಾಡಬಹುದು. ಯಾವ ಇವೆಂಟ್ ಎಂಬುದು ಫಂಕ್ಷನ್ ಮೇಲೆ ನಿಂತಿದೆ: ಕಾಲಮ್‌ನ ಸರ್ವರ್_ಡಿಫಾಲ್ಟ್‌ನಲ್ಲೇ ಅದನ್ನು ಬಳಸಿದ್ದರೆ ಟೇಬಲ್‌ಗೂ ಮೊದಲು ಇರಬೇಕು, ಆದ್ದರಿಂದ ಬಿಫೋರ್_ಕ್ರಿಯೇಟ್. ಟೇಬಲ್ ಓದುವ ಫಂಕ್ಷನ್ ಆದರೆ ಆಫ್ಟರ್_ಕ್ರಿಯೇಟ್. ಡಿಡಿಎಲ್() ಒಳಗಿನ ಪಠ್ಯದಲ್ಲಿ ಶೇಕಡಾ ಚಿಹ್ನೆ ಬಂದರೆ ಎರಡು ಸಲ ಬರೆಯಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಫಂಕ್ಷನ್ ಬರೆಯುವ ಭಾಷೆಯಾದ ಪಿಎಲ್‌ಪಿಜಿಎಸ್‌ಕ್ಯೂಎಲ್‌ನ ‘%ರೋಟೈಪ್’ ಮತ್ತು ರೈಸ್ ನೋಟಿಸ್‌ನೊಳಗಿನ ‘%’, ಎರಡಕ್ಕೂ ಈ ನಿಯಮ ಅನ್ವಯಿಸುತ್ತದೆ.